ಕಿವಿಗೆ ಬೀಳುವುದೂ ಕಿವಿಗೊಡುವುದೂ

ಉಡುಪಿಯ ವಾಯವ್ಯಕ್ಕೆ, ಸ್ವರ್ಣಾ ನದಿಯು ಕಡಲನ್ನು ಸೇರುವ ಮುನ್ನ ಕುದ್ರುಗಳನ್ನು ಬಳಸಿ ನಿಧಾನವಾಗಿ ಹರಿಯುವ ಎಡೆಯಲ್ಲಿ ಕೆಮ್ಮಣ್ಣು ಎಂಬ ಗ್ರಾಮವಿದೆ. ಬಾನು ತಿಳಿಯಾಗಿದ್ದು ಗಾಳಿ ಅಡಗಿರುವ ಇರುಳಿನಲ್ಲಿ ಇಂತಹ ಹೊಳೆಯ ದಡದಲ್ಲಿ ನಿಂತವರಿಗೆ, ಆಚೆಯ ಕುದ್ರುವಿನಲ್ಲಿ ಇಬ್ಬರು ಆಡುವ ಮಾತು ಬಲು ಸಮೀಪದಲ್ಲಿಯೇ ಆಡಿದಂತೆ ಕೇಳಿಸುವುದುಂಟು. ಇದರಲ್ಲಿ ಪವಾಡವೇನೂ ಇಲ್ಲ. ೨೦ ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಗಾಳಿಯಲ್ಲಿ ಶಬ್ದವು ಸೆಕೆಂಡಿಗೆ ಸುಮಾರು ೩೪೩ ಮೀಟರು ವೇಗದಿಂದ ಸಾಗುತ್ತದೆ. ಗಾಳಿಯು ಒಂದು ಡಿಗ್ರಿ ಬೆಚ್ಚಗಾದರೆ ಈ ವೇಗ ಸುಮಾರು ೦.೬ ಮೀಟರಿನಷ್ಟು ಹೆಚ್ಚುತ್ತದೆ. ಕೆಳಗಿನ ಗಾಳಿಯ ಪದರವು ಮೇಲಿನದಕ್ಕಿಂತ ತಂಪಾಗಿರುವಾಗ, ಶಬ್ದದ ಅಲೆಯ ಮೇಲುಭಾಗ ಮುಂದೋಡಿ ಅಲೆಯು ನೆಲದ ಕಡೆಗೆ ಬಾಗುತ್ತದೆ. ಆಕಾಶಕ್ಕೆ ಏರಿ ಚದುರಿಹೋಗಬೇಕಾಗಿದ್ದ ಶಬ್ದವು ಹೀಗೆ ತಿರುಗಿ ಕೆಳಗಿಳಿಯುತ್ತದೆ. ನಯವಾದ ನೀರಿನ ಹರಹು ಅದನ್ನು ಹೀರಿಕೊಳ್ಳದೆ ಮುಂದಕ್ಕೆ ಕಳುಹಿಸುತ್ತದೆ.

ಆದರೆ ಅದೇ ಹೊತ್ತಿನಲ್ಲಿ, ಅದೇ ಊರಿನ ಯಾವುದೋ ಮನೆಯ ಜಗಲಿಯಲ್ಲಿ, ಮೂರೇ ಅಡಿ ದೂರದಲ್ಲಿ ಕುಳಿತ ಅಜ್ಜಿ ಹೇಳಿದ ಮಾತು ಮೊಮ್ಮಗನಿಗೆ ಕೇಳಿಸದಿರಬಹುದು. “ಏನು ಹೇಳಿದಿರಿ ಅಜ್ಜಿ?” ಎಂದು ಅವನು ಎರಡನೆಯ ಸಲ ವಿಚಾರಿಸುವ ಹೊತ್ತಿಗೆ ಅಜ್ಜಿಗೆ ಹೇಳುವ ಉತ್ಸಾಹವೇ ಉಡುಗಿರುತ್ತದೆ. ಇಲ್ಲಿ ಕೊರತೆ ಗಾಳಿಯದಲ್ಲ, ಕಿವಿಯದೂ ಅಲ್ಲ. ಹಾಗಾದರೆ ಮತ್ತೆ ಯಾವುದರದು? ಒಳ್ಳೆಯ ಕೇಳುಗನಾಗಬೇಕೆನ್ನುವವನು ಮೊದಲು ಅರಿಯಬೇಕಾದುದು ಇದನ್ನು.

ಕಿವಿಯ ಕೆಲಸ ಎಲ್ಲಿಗೆ ಮುಗಿಯುತ್ತದೆ?

ಮಾತೆಂಬುದು ಗಾಳಿಯ ಒತ್ತಡದಲ್ಲಿ ಉಂಟಾಗುವ ಏರಿಳಿತ. ಈ ಏರಿಳಿತವು ಕರ್ಣಪಟಲವನ್ನು ಅಲುಗಿಸುತ್ತದೆ. ಅತ್ಯಂತ ಮೆಲ್ಲನೆಯ ಶಬ್ದಕ್ಕೆ ಕರ್ಣಪಟಲ ಅಲುಗುವ ದೂರ ಒಂದು ಜಲಜನಕದ ಪರಮಾಣುವಿನ ವ್ಯಾಸಕ್ಕಿಂತಲೂ ಕಡಿಮೆ! ಅದರ ಹಿಂದಿರುವ ಸುತ್ತಿಗೆ, ಅಡಿಗಲ್ಲು, ರಿಕಾಪು ಎಂಬ ಮೂರು ಪುಟ್ಟ ಮೂಳೆಗಳು ಆ ಕಂಪನವನ್ನು ಬಲಪಡಿಸಿ, ಶಂಖದಂತೆ ಸುರುಳಿಯಾಗಿರುವ ಒಳಕಿವಿಯ ದ್ರವಕ್ಕೆ ದಾಟಿಸುತ್ತವೆ. ಅಲ್ಲಿನ ಪೊರೆಯ ಮೇಲೆ ಅಲೆಯೊಂದು ಸಾಗಿ, ಕೀಚು ದನಿಗೆ ಒಂದೆಡೆಯಲ್ಲಿಯೂ ಗಡಸು ದನಿಗೆ ಇನ್ನೊಂದೆಡೆಯಲ್ಲಿಯೂ ಹೆಚ್ಚು ಎದ್ದು ನಿಲ್ಲುತ್ತದೆ. ಇದನ್ನು ಕಂಡುಹಿಡಿದ ಹಂಗೇರಿ ಮೂಲದ ಭೌತವಿಜ್ಞಾನಿ ಗೆಯಾರ್ಗ್ ಫಾನ್ ಬೆಕೆಷಿಗೆ ೧೯೬೧ರಲ್ಲಿ ನೊಬೆಲ್ ಬಹುಮಾನ ದೊರೆಯಿತು. ಪೊರೆಯ ಮೇಲಿರುವ ರೋಮಕೋಶಗಳು ಆ ಅಲುಗಾಟವನ್ನು ವಿದ್ಯುತ್ ಸಂಕೇತಗಳಾಗಿ ಮಾರ್ಪಡಿಸಿ ನರದ ಮೂಲಕ ಮೆದುಳಿಗೆ ಕಳುಹಿಸುತ್ತವೆ.

ಕಿವಿಯ ಕೆಲಸ ಇಲ್ಲಿಗೆ ಮುಗಿಯಿತು. ಕಣ್ಣಿಗೆ ರೆಪ್ಪೆಯಿರುವಂತೆ ಕಿವಿಗೆ ಮುಚ್ಚಳವಿಲ್ಲ; ಅದು ಹಗಲಿರುಳೂ ತೆರೆದ ಬಾಗಿಲು. ಅಜ್ಜಿಯ ಮಾತು ಆ ಬಾಗಿಲಿನಿಂದ ಒಳಗೆ ಬಂದೇ ಬಂದಿತು. ಆದರೆ ಒಳಗೆ ಬಂದ ಅತಿಥಿಯನ್ನು ಎದುರುಗೊಳ್ಳುವವರು ಮನೆಯಲ್ಲಿರಲಿಲ್ಲ.

ಕನ್ನಡದ ಮಾತಿನಲ್ಲಿಯೇ ಈ ಭೇದ ಸ್ಪಷ್ಟವಾಗಿದೆ. ಶಬ್ದವು ‘ಕಿವಿಗೆ ಬೀಳುತ್ತದೆ’. ಅದಕ್ಕೆ ನಮ್ಮ ಪ್ರಯತ್ನ ಬೇಕಾಗಿಲ್ಲ. ಆದರೆ ನಾವು ‘ಕಿವಿಗೊಡುತ್ತೇವೆ’. ಕೊಡುವುದಕ್ಕೆ ಕೊಡುವವನ ಇಚ್ಛೆ ಬೇಕು.

ಎರಡು ಕಿವಿ, ಒಂದೇ ಗಮನ

ಮದುವೆಯ ಚಪ್ಪರವನ್ನು ನೆನೆದುಕೊಳ್ಳಿ. ಒಂದೆಡೆ ವಾದ್ಯ, ಇನ್ನೊಂದೆಡೆ ಮಕ್ಕಳ ಗದ್ದಲ, ಸುತ್ತಲೂ ಹತ್ತಾರು ಮಂದಿಯ ಮಾತು. ಇಷ್ಟಿದ್ದರೂ ಎದುರಿಗಿರುವವರ ಮಾತನ್ನು ನಾವು ಹೆಕ್ಕಿ ತೆಗೆಯಬಲ್ಲೆವು. ಇದಕ್ಕೆ ಒಂದು ನೆರವು ಎರಡು ಕಿವಿಗಳಿಂದ ದೊರೆಯುತ್ತದೆ. ಎರಡು ಕಿವಿಗಳ ನಡುವಣ ಅಂತರವನ್ನು ಸುಮಾರು ೨೦ ಸೆಂಟಿಮೀಟರು ಎಂದುಕೊಂಡರೆ, ಬಲಬದಿಯಿಂದ ಬರುವ ಶಬ್ದವು ಎಡಗಿವಿಗೆ ೦.೨ ÷ ೩೪೩, ಅಂದರೆ ಸುಮಾರು ೦.೦೦೦೬ ಸೆಕೆಂಡು ತಡವಾಗಿ ತಲಪುತ್ತದೆ. ಇಷ್ಟು ಅಲ್ಪ ವ್ಯತ್ಯಾಸದಿಂದಲೇ ಮೆದುಳು ದಿಕ್ಕನ್ನು ಗುರುತಿಸಿ, ಬೇಕಾದ ದನಿಯನ್ನು ಬೇಡವಾದುವುಗಳಿಂದ ಬೇರ್ಪಡಿಸುತ್ತದೆ.

ಇಂಗ್ಲೆಂಡಿನ ವಿಜ್ಞಾನಿ ಕಾಲಿನ್ ಚೆರಿ ಈ ಔತಣಕೂಟದ ಸಮಸ್ಯೆಯನ್ನು ಪ್ರಯೋಗಶಾಲೆಗೆ ತಂದು, ೧೯೫೩ರಲ್ಲಿ ತನ್ನ ಫಲಿತಾಂಶಗಳನ್ನು ಪ್ರಕಟಿಸಿದನು. ಆತನು ಕೇಳುಗರ ಎರಡು ಕಿವಿಗಳಿಗೂ ಬೇರೆ ಬೇರೆ ಮಾತನ್ನು ಕೇಳಿಸಿ, ಒಂದು ಕಿವಿಯ ಮಾತನ್ನು ಮಾತ್ರ ಕೂಡಲೇ ಬಾಯಿಬಿಟ್ಟು ಹೇಳುತ್ತ ಹೋಗುವಂತೆ ತಿಳಿಸಿದನು. ಅವರು ಅದನ್ನು ಮಾಡಿದರು. ಬಳಿಕ ಇನ್ನೊಂದು ಕಿವಿಗೆ ಬಿದ್ದುದೇನೆಂದು ವಿಚಾರಿಸಿದಾಗ ಅವರಿಗೆ ಒಂದು ವಾಕ್ಯವೂ ತಿಳಿದಿರಲಿಲ್ಲ. ಗಂಡಸಿನ ದನಿ ಹೆಂಗಸಿನದಾದುದು ತಿಳಿದಿತ್ತು. ನಡುವೆ ಇಂಗ್ಲಿಷು ಹೋಗಿ ಜರ್ಮನ್ ಭಾಷೆ ಬಂದುದು ತಿಳಿದಿರಲಿಲ್ಲ! ೧೯೫೯ರಲ್ಲಿ ನೆವಿಲ್ ಮೋರೆ ಎಂಬಾತನು ಇದನ್ನು ಮುಂದುವರಿಸಿ, ಗಮನವಿಲ್ಲದ ಕಿವಿಗೆ ಅವವೇ ಪದಗಳನ್ನು ೩೫ ಸಲ ಕೇಳಿಸಿದರೂ ಅವು ನೆನಪಿನಲ್ಲಿ ಉಳಿಯಲಿಲ್ಲವೆಂದು ತೋರಿಸಿದನು. ಆದರೆ ಆ ಕಿವಿಯಲ್ಲಿ ಕೇಳುಗನ ಸ್ವಂತ ಹೆಸರನ್ನು ಉಚ್ಚರಿಸಿದಾಗ, ಸುಮಾರು ಮೂರರಲ್ಲಿ ಒಂದು ಪಾಲು ಜನರು ಅದನ್ನು ಗುರುತಿಸಿದರು. ನಮ್ಮ ಹೆಸರು ಬಂದಾಗ ಎಚ್ಚರಗೊಳ್ಳುವ ಮನಸ್ಸು, ಪರರ ಕಥೆ ನಡೆಯುವಾಗ ಬೇರೆಡೆಗೆ ಅಲೆಯುವುದು ಅಚ್ಚರಿಯಲ್ಲವಷ್ಟೆ.

ಈ ಪ್ರಯೋಗಗಳಿಂದ ವಿದ್ಯಾರ್ಥಿಮಿತ್ರರು ತಿಳಿಯಬೇಕಾದುದಿಷ್ಟು: ಏಕಕಾಲದಲ್ಲಿ ಎರಡು ಮಾತುಗಳ ಅರ್ಥವನ್ನು ಹಿಡಿಯುವ ಶಕ್ತಿ ನಮಗಿಲ್ಲ. ಕೈಯಲ್ಲಿರುವ ಮೊಬೈಲಿನ ಸಂದೇಶವನ್ನು ಓದುತ್ತಲೇ “ಹೇಳು, ಕೇಳುತ್ತಿದ್ದೇನೆ” ಎನ್ನುವವನು ಸುಳ್ಳುಗಾರನಲ್ಲದಿರಬಹುದು. ಶಬ್ದ ಅವನಿಗೆ ಕೇಳಿಸುತ್ತಲೇ ಇದೆ. ಆದರೆ ಅವನ ಸ್ಥಿತಿಯು ಚೆರಿಯ ಎರಡನೆಯ ಕಿವಿಯ ಸ್ಥಿತಿ.

ಉತ್ತರದ ಅವಸರ

ಮೊಬೈಲನ್ನು ಬದಿಗಿಟ್ಟರೆ ಸಮಸ್ಯೆ ತೀರಿತೆನ್ನುವಂತಿಲ್ಲ. ಏಕೆಂದರೆ ಎರಡನೆಯ ಮಾತು ಹೊರಗಿನಿಂದಲೇ ಬರಬೇಕೆಂದಿಲ್ಲ. ಅದು ನಮ್ಮೊಳಗೆಯೇ ನಡೆಯುತ್ತಿರುತ್ತದೆ. ಅದು ನಾವು ಕೊಡಬೇಕೆಂದಿರುವ ಉತ್ತರ.

ಪ್ರಪಂಚದ ಬೇರೆ ಬೇರೆ ಕಡೆಗಳ ಹತ್ತು ಭಾಷೆಗಳ ಸಂಭಾಷಣೆಗಳನ್ನು ಅಳೆದು, ತಾನ್ಯಾ ಸ್ಟೀವರ್ಸ್ ಮತ್ತು ಸಂಗಡಿಗರು ೨೦೦೯ರಲ್ಲಿ ಒಂದು ವರದಿಯನ್ನು ಪ್ರಕಟಿಸಿದರು. ಒಬ್ಬನ ಪ್ರಶ್ನೆ ಮುಗಿದು ಇನ್ನೊಬ್ಬನ ಉತ್ತರ ಆರಂಭವಾಗುವುದಕ್ಕೆ ಹಿಡಿಯುವ ಕಾಲ ಸರಾಸರಿ ೦.೨ ಸೆಕೆಂಡು ಮಾತ್ರವೆಂದು ಅದರಿಂದ ತಿಳಿದುಬಂದಿತು. ಆದರೆ ಒಂದು ಚಿತ್ರವನ್ನು ಕಂಡು ಅದರ ಹೆಸರನ್ನು ಹೇಳುವುದಕ್ಕೂ ನಮಗೆ ಸುಮಾರು ೦.೬ ಸೆಕೆಂಡು ಬೇಕಾಗುತ್ತದೆ. ೦.೬ ಸೆಕೆಂಡಿನ ಕೆಲಸವನ್ನು ೦.೨ ಸೆಕೆಂಡಿನಲ್ಲಿ ಮುಗಿಸುವುದು ಹೇಗೆ? ಒಂದೇ ದಾರಿ: ಎದುರಿನವನು ಮಾತಾಡುತ್ತಿರುವಾಗಲೇ ಉತ್ತರವನ್ನು ಸಿದ್ಧಮಾಡತೊಡಗುವುದು. ನಾವೆಲ್ಲರೂ ಇದನ್ನೇ ಮಾಡುತ್ತೇವೆ. ಇದು ದುಃಸ್ವಭಾವವಲ್ಲ, ಸಂಭಾಷಣೆಯ ಯಂತ್ರವೇ ಹೀಗೆ ರಚಿತವಾಗಿದೆ. ಆದರೆ ಉತ್ತರವು ಎಷ್ಟು ಬೇಗ ಸಿದ್ಧವಾಗತೊಡಗುತ್ತದೆಯೋ, ಮಾತಿನ ಅಷ್ಟು ಭಾಗ ನಮ್ಮ ಕೈತಪ್ಪುತ್ತದೆ. ಮೊದಲನೆಯ ವಾಕ್ಯಕ್ಕೇ ಉತ್ತರ ಹೊಳೆದುಬಿಟ್ಟವನಿಗೆ ಉಳಿದ ನಾಲ್ಕು ವಾಕ್ಯಗಳು ಬರಿಯ ಶಬ್ದ.

ಇದರ ಫಲ ಕೆಲವೊಮ್ಮೆ ಗುರುತರವಾಗುತ್ತದೆ. ಅಮೆರಿಕದ ಸಂಶೋಧಕರಾದ ಬೆಕ್‌ಮನ್ ಮತ್ತು ಫ್ರಾಂಕೆಲ್ ೭೪ ವೈದ್ಯಭೇಟಿಗಳನ್ನು ಪರಿಶೀಲಿಸಿ ೧೯೮೪ರಲ್ಲಿ ತಿಳಿಸಿದುದೇನೆಂದರೆ: ಶೇಕಡ ೨೩ ಭೇಟಿಗಳಲ್ಲಿ ಮಾತ್ರ ರೋಗಿಯು ತನ್ನ ದೂರನ್ನು ಕೊನೆಯವರೆಗೆ ಹೇಳಲು ಸಾಧ್ಯವಾಯಿತು. ಮಿಕ್ಕವುಗಳ ಪೈಕಿ ಹೆಚ್ಚಿನವುಗಳಲ್ಲಿ ಆರಂಭವಾದ ಸರಾಸರಿ ೧೮ ಸೆಕೆಂಡುಗಳಲ್ಲಿಯೇ ವೈದ್ಯನು ನಡುವೆ ಬಾಯಿಹಾಕಿದ್ದನು. ರೋಗಿಯು ಮೊದಲು ಹೇಳುವ ದೂರೇ ಮುಖ್ಯವಾದುದಾಗಿರಬೇಕೆಂಬ ನಿಯಮವಿಲ್ಲ. ಹೇಳಲು ಅಳುಕುವಂತಹುದು ಕೊನೆಗೆ ಬರುವುದು ಸಹಜ. ಅಡ್ಡಿಯಿಲ್ಲದೆ ಹೇಳಿ ಮುಗಿಸಿದವರಾದರೂ ಎಷ್ಟು ಹೊತ್ತು ತೆಗೆದುಕೊಂಡರು? ಒಬ್ಬರೂ ಎರಡೂವರೆ ನಿಮಿಷವನ್ನು ಮೀರಲಿಲ್ಲ. ಕಾಲವನ್ನು ಉಳಿಸುವೆವೆಂದು ನಾವು ಕತ್ತರಿಸುವ ಮಾತು ಎಷ್ಟು ಚಿಕ್ಕದು ನೋಡಿ! ತಂಗಿ, ಗೆಳೆಯ, ನೆರೆಯವರು ತಮ್ಮ ಸಂಕಟವನ್ನು ನಮ್ಮೊಡನೆ ಹೇಳತೊಡಗಿದಾಗಲೂ ಮುಖ್ಯವಾದುದು ಹದಿನೆಂಟನೆಯ ಸೆಕೆಂಡಿನ ಬಳಿಕವೇ ಬರುವುದಿರಬಹುದು.

ತಾಳಮದ್ದಳೆಯ ಪಾಠ

ಉತ್ತರವನ್ನು ಕೊಡಬೇಕು, ಆದರೆ ಅದು ಎದುರಿನವರ ಮಾತನ್ನು ನುಂಗಬಾರದು. ಇದನ್ನು ಸಾಧಿಸಿದ ಕಲೆಯೊಂದು ನಮ್ಮ ಕರಾವಳಿಯಲ್ಲಿಯೇ ಇದೆ. ಪತ್ತನಾಜೆಗೆ ಯಕ್ಷಗಾನ ಮೇಳಗಳ ತಿರುಗಾಟ ನಿಂತು ಮಳೆ ಹಿಡಿದ ಮೇಲೆ, ಉಡುಪಿ, ಕಾರ್ಕಳ, ಕಾಸರಗೋಡು ಕಡೆಯ ಊರುಗಳಲ್ಲಿ ತಾಳಮದ್ದಳೆಯ ಕೂಟಗಳು ನಡೆಯುತ್ತವೆ. ಇಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದ್ಯವನ್ನು ಹಾಡುತ್ತಾರೆ. ಎದುರುಬದುರಾಗಿ ಕುಳಿತ ಅರ್ಥಧಾರಿಗಳು ಆ ಪದ್ಯದ ಎಳೆಯನ್ನು ಹಿಡಿದು, ಪಾತ್ರವಾಗಿ ಮಾತಾಡುತ್ತಾರೆ. ಪದ್ಯ ಮಾತ್ರ ಮೊದಲೇ ಬರೆದದ್ದು. ಮಾತು ಆ ಕ್ಷಣದಲ್ಲಿ ಹುಟ್ಟಿದ್ದು. ಶೇಣಿ ಗೋಪಾಲಕೃಷ್ಣ ಭಟ್ಟರು (೧೯೧೮–೨೦೦೬), ದೇರಾಜೆ ಸೀತಾರಾಮಯ್ಯನವರು ಮೊದಲಾದವರು ಈ ಕಲೆಯಲ್ಲಿ ಹೆಸರಾಂತವರು.

ಕೃಷ್ಣಸಂಧಾನದ ಪ್ರಸಂಗವೆಂದು ಭಾವಿಸೋಣ. ಕೌರವನ ಅರ್ಥಧಾರಿಯು ಮೂರು ಆಕ್ಷೇಪಗಳನ್ನು ಎತ್ತುತ್ತಾನೆ: ಅರಸನ ಆತಿಥ್ಯವನ್ನು ಬಿಟ್ಟು ವಿದುರನ ಮನೆಗೆ ಹೋದದ್ದೇಕೆ? ಜೂಜಿನಲ್ಲಿ ಸೋತವರಿಗೆ ರಾಜ್ಯದ ಹಕ್ಕು ಎಲ್ಲಿಯದು? ಒಂದು ಪಕ್ಷದ ನೆಂಟನಾದವನು ಸಂಧಿಯ ಮಾತಾಡಬಹುದೆ? ಕೃಷ್ಣನ ಅರ್ಥಧಾರಿಯು ಮನೆಯಲ್ಲಿಯೇ ಸಿದ್ಧಪಡಿಸಿಕೊಂಡು ಬಂದ ಭಾಷಣವನ್ನು ಒಪ್ಪಿಸಿದರೆ ಸಭೆಯು ಕೂಡಲೇ ಕಂಡುಹಿಡಿಯುತ್ತದೆ. ಅವನು ಮೂರನ್ನೂ ಕ್ರಮವಾಗಿ ನೆನಪಿಟ್ಟು, ಎದುರಾಳಿಯು ಬಳಸಿದ ಶಬ್ದವನ್ನೇ ಎತ್ತಿಕೊಂಡು ಉತ್ತರಿಸಬೇಕು. ಅಂದರೆ ಅವನ ಉತ್ತರದ ಕಚ್ಚಾ ಸಾಮಗ್ರಿಯು ಎದುರಿನವನ ಮಾತೇ ಆಗಿರುತ್ತದೆ. ಕೇಳದೆ ಅವನಿಗೆ ಗತಿಯಿಲ್ಲ. ಇತ್ತ ಭಾಗವತರೂ ಕಿವಿಗೊಟ್ಟಿರಬೇಕು. ಅರ್ಥವು ಯಾವ ಮಾತಿಗೆ ನಿಲ್ಲುತ್ತದೆಂದು ಅರಿತು ಮುಂದಿನ ಪದ್ಯವನ್ನು ಎತ್ತುವವರು ಅವರೇ ಅಲ್ಲವೆ?

ಇದಕ್ಕೆ ಶಾಸ್ತ್ರದಲ್ಲಿಯೂ ಬೇರಿದೆ. ನಮ್ಮ ದರ್ಶನಗ್ರಂಥಗಳಲ್ಲಿ ಸಿದ್ಧಾಂತವನ್ನು ಸ್ಥಾಪಿಸುವ ಮುನ್ನ ಪೂರ್ವಪಕ್ಷವನ್ನು, ಅಂದರೆ ಎದುರಾಳಿಯ ವಾದವನ್ನು, ಹೇಳಬೇಕೆಂಬ ಕ್ರಮವಿದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ೧೯೫೦ರ ದಶಕದ ಆರಂಭದಲ್ಲಿ ಇದೇ ಬಗೆಯ ಸೂಚನೆಯನ್ನು ಕೊಟ್ಟನು: ಜಗಳವಾಡುವ ಇಬ್ಬರಲ್ಲಿ ಪ್ರತಿಯೊಬ್ಬನೂ ಮೊದಲು ಎದುರಿನವನ ಅಭಿಪ್ರಾಯವನ್ನು ಆತನಿಗೆ ಒಪ್ಪಿಗೆಯಾಗುವಂತೆ ಹೇಳಿ, ಅನಂತರವೇ ತನ್ನದನ್ನು ಹೇಳಲಿ.

ಒಂದು ವ್ಯತ್ಯಾಸವನ್ನು ಮಾತ್ರ ಮರೆಯಬಾರದು. ಅರ್ಥಧಾರಿಯು ಕೇಳುವುದು ಗೆಲ್ಲುವುದಕ್ಕಾಗಿ. ಜಗಲಿಯ ಮಾತಿನಲ್ಲಿ ಗೆಲ್ಲಬೇಕಾದವರು ಯಾರೂ ಇಲ್ಲ. ಅವನ ಜಾಗರೂಕತೆಯನ್ನು ನಾವು ಸಾಲವಾಗಿ ಪಡೆಯೋಣ. ಅವನ ಬಿಲ್ಲುಬಾಣಗಳು ಅಲ್ಲಿಯೇ ಇರಲಿ.

ಹೂಂಗುಟ್ಟುವವನ ಪಾಲು

ಕಥೆ ಹೇಳುವ ಅಜ್ಜಿಯರು “ಹೂಂ ಅನ್ನು, ಇಲ್ಲದಿದ್ದರೆ ಕಥೆ ಮುಂದೆ ಹೋಗದು” ಎನ್ನುವುದನ್ನು ಎಲ್ಲರೂ ಬಲ್ಲರು. ಮಗು ನಿದ್ದೆಹೋಯಿತೇ ಎಂದು ತಿಳಿಯುವ ಉಪಾಯವೆಂದು ನಾವು ಇದನ್ನು ಎಣಿಸುತ್ತೇವೆ. ವಿಷಯವು ಅದಕ್ಕಿಂತ ಆಳವಾದುದು.

ಕೆನಡದ ವಿಕ್ಟೋರಿಯ ವಿಶ್ವವಿದ್ಯಾಲಯದ ಜ್ಯಾನೆಟ್ ಬವೆಲಸ್ ಮತ್ತು ಸಂಗಡಿಗರು ೨೦೦೦ದಲ್ಲಿ ಪ್ರಕಟಿಸಿದ ಪ್ರಯೋಗವೊಂದನ್ನು ನೋಡಿರಿ. ಒಬ್ಬನು ತಾನು ಅಪಾಯದಿಂದ ಕೂದಲೆಳೆಯಷ್ಟರಲ್ಲಿ ಪಾರಾದ ಸಂಗತಿಯನ್ನು ಹೇಳುತ್ತಾನೆ, ಇನ್ನೊಬ್ಬನು ಕೇಳುತ್ತಾನೆ. ಕೆಲವು ಕೇಳುಗರಿಗೆ ಒಂದು ಗುಟ್ಟಿನ ಕೆಲಸವನ್ನು ಕೊಡಲಾಗಿತ್ತು: ಕಥೆಯಲ್ಲಿ ‘ಟಿ’ ಎಂಬ ಇಂಗ್ಲಿಷ್ ಅಕ್ಷರದಿಂದ ಆರಂಭವಾಗುವ ಪದಗಳನ್ನು ಎಣಿಸುವುದು. ಈ ಕೇಳುಗರು ಪ್ರತಿಯೊಂದು ಪದವನ್ನೂ ಕೇಳಿಸಿಕೊಳ್ಳುತ್ತಿದ್ದರು. ಕೇಳದೆ ಎಣಿಸುವುದು ಹೇಗೆ? ಆದರೆ ಕಥೆಗೆ ಒಪ್ಪುವಂತೆ ಬೆಚ್ಚುವುದು, ಅಯ್ಯೋ ಎನ್ನುವುದು ಅವರಿಂದ ಬಲುಮಟ್ಟಿಗೆ ನಿಂತುಹೋಯಿತು. ಇದರ ಪರಿಣಾಮವಾಗಿ ಕಥೆ ಹೇಳುವವನೇ ಕೆಟ್ಟನು! ಮುಖ್ಯವಾಗಿ ಕೊನೆಯ ಘಟ್ಟದಲ್ಲಿ, ಎಲ್ಲಿ ಕಥೆಗೆ ಕಳೆಯೇರಬೇಕೋ ಅಲ್ಲಿ, ಅವನು ತೊದಲಿದನು. ಹೇಳಿದುದನ್ನೇ ಸುತ್ತಿಸುತ್ತಿ ಹೇಳಿದನು. ಅದೇಕೆ ಅಪಾಯವಾಗಿತ್ತೆಂದು ಸಮರ್ಥಿಸಿಕೊಳ್ಳತೊಡಗಿದನು.

ನಮ್ಮ ಲೇಖನದ ಸಾರವೆಲ್ಲ ಈ ಪ್ರಯೋಗದಲ್ಲಿದೆ. ಸಂಭಾಷಣೆಯಲ್ಲಿ ಮಾತಾಡುವವನು ಕೊಡುವವನು, ಕೇಳುವವನು ಬರಿದೆ ಪಡೆಯುವವನು ಎಂಬ ಭಾವನೆ ತಪ್ಪು. ಮಾತನ್ನು ಇಬ್ಬರೂ ಕೂಡಿಯೇ ಕಟ್ಟುತ್ತಾರೆ. “ಆತನ ಮಾತು ರುಚಿಸುವುದಿಲ್ಲ, ಹೇಗೆ ಕೇಳಲಿ?” ಎಂದು ದೂರುವವನು, ಆತನ ಮಾತು ರುಚಿಗೆಡುವುದರಲ್ಲಿ ತನ್ನ ಪಾಲೆಷ್ಟು ಎಂಬುದನ್ನೂ ಎಣಿಕೆ ಮಾಡಬೇಕು. ಪಾಠಹೇಳುವ ನಾವು ಇದನ್ನು ತರಗತಿಯಲ್ಲಿ ದಿನವೂ ಕಾಣುತ್ತೇವೆ: ಮುಂದಿನ ಬೆಂಚಿನ ಇಬ್ಬರು ಕಣ್ಣರಳಿಸಿ ಕುಳಿತರೆ ಪಾಠವು ತಾನಾಗಿಯೇ ಏಳುತ್ತದೆ.

ಹೇಳುವವರ ಮುಖವನ್ನು ನೋಡುವುದು ಬರಿಯ ಸೌಜನ್ಯವೂ ಅಲ್ಲ. ಗದ್ದಲದ ನಡುವೆ ಮಾತಾಡುವವನ ತುಟಿಗಳು ಕಾಣುತ್ತಿದ್ದರೆ ಹೆಚ್ಚು ಪದಗಳು ತಿಳಿಯುತ್ತವೆಂದು ಸಂಬಿ ಮತ್ತು ಪೊಲಾಕ್ ೧೯೫೪ರಲ್ಲಿಯೇ ತೋರಿಸಿದ್ದಾರೆ. ತುಳು, ಕೊಂಕಣಿ, ಕನ್ನಡ ಒಂದೇ ಬೀದಿಯಲ್ಲಿ ಬೆರೆಯುವ ಕೆಮ್ಮಣ್ಣಿನಂತಹ ಊರಿನಲ್ಲಿ, ನಮ್ಮದಲ್ಲದ ನುಡಿಯಲ್ಲಿ ಆಡಿದ ಮಾತನ್ನು ಹಿಡಿಯಲು ಈ ನೆರವು ಇನ್ನೂ ಹೆಚ್ಚು ಬೇಕಾಗುತ್ತದೆ.

‘ಕೇಳು’ ಎಂಬ ಪದದ ಎರಡು ಅರ್ಥ

ಕನ್ನಡದಲ್ಲಿ ಆಲಿಸುವುದಕ್ಕೂ ಪ್ರಶ್ನಿಸುವುದಕ್ಕೂ ‘ಕೇಳು’ ಎಂಬ ಒಂದೇ ಧಾತುವಿದೆ. ಚೆನ್ನಾಗಿ ಕೇಳಿದವನೇ ಚೆನ್ನಾಗಿ ಕೇಳಬಲ್ಲನು!

ಹೊಳೆಯ ಬದಿಯ ಗದ್ದೆಯ ಹಿರಿಯರೊಬ್ಬರು, “ಈ ಸಲ ಗದ್ದೆಗೆ ಉಪ್ಪುನೀರು ನುಗ್ಗಿತು ಮಾರಾಯ” ಎನ್ನುತ್ತಾರೆಂದು ಭಾವಿಸಿ. ಒಬ್ಬ ಹುಡುಗನು, “ನಮ್ಮ ಅಂಗಳಕ್ಕೂ ನೀರು ಬಂದಿತ್ತು, ನನ್ನ ಸೈಕಲ್ಲೇ ಮುಳುಗಿತು” ಎನ್ನುತ್ತಾನೆ. ಇನ್ನೊಬ್ಬನು, “ಎಷ್ಟು ದಿನ ನಿಂತಿತು ಮಾವ? ಭತ್ತ ಕದಿರು ಬಿಟ್ಟಿತ್ತೇ?” ಎನ್ನುತ್ತಾನೆ. ಮೊದಲನೆಯವನು ಮಾತಿನ ಹಗ್ಗವನ್ನು ತನ್ನ ಕಡೆಗೆ ಎಳೆದುಕೊಂಡನು. ಎರಡನೆಯವನು ಅದನ್ನು ಹಿರಿಯರ ಕೈಯಲ್ಲಿಯೇ ಉಳಿಸಿದನು. ಅಮೆರಿಕದ ಸಮಾಜಶಾಸ್ತ್ರಜ್ಞ ಚಾರ್ಲ್ಸ್ ಡರ್ಬರ್ ೧೯೭೯ರಲ್ಲಿ ಈ ಎರಡು ಬಗೆಯ ಮಾರ್ನುಡಿಗಳ ಭೇದವನ್ನು ವಿವರಿಸಿದನು. ಮೊದಲನೆಯದು ಎಂದೂ ಸಲ್ಲದೆಂದಲ್ಲ. ನಮ್ಮ ಅನುಭವವನ್ನು ಹೇಳದೆ ಸ್ನೇಹ ಬೆಳೆಯದು. ಆದರೆ ಎದುರಿನವರ ಮಾತು ಮುಗಿಯುವ ಮುನ್ನ ಅದು ಬರಬಾರದು. ಎರಡನೆಯವನ ಪ್ರಶ್ನೆ ಮೊದಲೇ ಯೋಚಿಸಿಟ್ಟುದಲ್ಲ. ಹಿರಿಯರ ಮಾತಿನಿಂದಲೇ ಮೊಳೆತುದು. ಆದುದರಿಂದಲೇ ಅದು, “ನೀವು ಹೇಳಿದುದು ನನಗೆ ಮುಟ್ಟಿತು” ಎಂಬುದಕ್ಕೆ ಸಾಕ್ಷಿಯಾಗುತ್ತದೆ.

ಮಾಡಿ ನೋಡಿರಿ

ಇದುವರೆಗಿನ ಮಾತನ್ನು ನಂಬಬೇಕಾದುದಿಲ್ಲ, ಪರೀಕ್ಷಿಸಬಹುದು. ಉಪಕರಣಗಳೇನೂ ಬೇಕಾಗಿಲ್ಲ.

೧. ಮೂವರು ಗೆಳೆಯರು ಸೇರಿರಿ. ಒಬ್ಬನು ತನಗೆ ಒದಗಿದ ಅಪಾಯದ ಕಥೆಯನ್ನು ಹೇಳಲಿ. ಕೇಳುವವನು ‘ಅ’ಕಾರದಿಂದ ಆರಂಭವಾಗುವ ಪದಗಳನ್ನು ಮನಸ್ಸಿನಲ್ಲಿಯೇ ಎಣಿಸಲಿ, ಇದು ಹೇಳುವವನಿಗೆ ತಿಳಿಯದಿರಲಿ. ಮೂರನೆಯವನು ಕಥೆಯ ಕೊನೆಯನ್ನು ಗಮನಿಸಿ ಬರೆದುಕೊಳ್ಳಲಿ. ಮರುದಿನ ಬೇರೊಬ್ಬನ ಕಥೆಯನ್ನು ಎಣಿಕೆಯಿಲ್ಲದೆ ಕೇಳಿ, ಎರಡನ್ನೂ ಹೋಲಿಸಿರಿ. ಬಳಿಕ ಗುಟ್ಟನ್ನು ತಿಳಿಸಲು ಮರೆಯಬೇಡಿರಿ.

೨. ಯಾವುದಾದರೊಂದು ವಿವಾದದ ವಿಷಯವನ್ನು ಆರಿಸಿಕೊಂಡು, ರೋಜರ್ಸನ ಕಟ್ಟಳೆಯಂತೆ ಹತ್ತು ನಿಮಿಷ ವಾದಿಸಿರಿ. ಎದುರಿನವನ ಪಕ್ಷವನ್ನು ಹೇಳಿ, “ಹೌದು, ನಾನು ಹೇಳಿದುದು ಇದೇ” ಎಂದು ಅವನಿಂದ ಒಪ್ಪಿಗೆ ಪಡೆಯದೆ ನಿಮ್ಮ ವಾದವನ್ನು ಹೂಡುವಂತಿಲ್ಲ. ಮೊದಲ ಪ್ರಯತ್ನದಲ್ಲಿಯೇ ಒಪ್ಪಿಗೆ ಎಷ್ಟು ಸಲ ದೊರೆಯಿತೆಂದು ಲೆಕ್ಕವಿಡಿರಿ.

೩. ಮನೆಯ ಹಿರಿಯರೊಬ್ಬರ ಬಳಿ ಕುಳಿತು, ಅವರು ಚಿಕ್ಕವರಿದ್ದಾಗ ಹೊಳೆಯನ್ನು ಹೇಗೆ ದಾಟುತ್ತಿದ್ದರು, ಶಾಲೆಗೆ ಹೇಗೆ ಹೋಗುತ್ತಿದ್ದರು ಎಂಬಂತಹ ಒಂದು ಪ್ರಶ್ನೆಯನ್ನು ಕೇಳಿರಿ. ಅನಂತರದ ಮೂರು ಪ್ರಶ್ನೆಗಳು ಅವರ ಮಾತಿನಲ್ಲಿ ಬಂದ ಪದಗಳಿಂದಲೇ ಹುಟ್ಟಬೇಕು. ಅವರ ಮಾತು ನಿಂತೊಡನೆ ಮನಸ್ಸಿನಲ್ಲಿಯೇ ಎರಡು ಎಣಿಸಿರಿ. ಮುಗಿಯಿತೆಂದು ನಾವು ತಿಳಿದ ಮಾತು ಅನೇಕ ವೇಳೆ ಆ ಮೌನದಲ್ಲಿಯೇ ಮುಂದುವರಿಯುತ್ತದೆ.

ಹೀಗೆ ಕಿವಿಗೊಡುವುದು ಆಯಾಸದ ಕೆಲಸವೆಂಬುದೂ ನಿಜ. ದಿನವಿಡೀ, ಎಲ್ಲರಿಗೂ, ಎಲ್ಲ ಮಾತಿಗೂ ಇದನ್ನು ಮಾಡಲಾಗದು. ಮನಸ್ಸು ಬೇರೆಡೆಗಿರುವಾಗ, “ಈಗ ಬೇಡ, ಸಂಜೆ ಕುಳಿತು ಕೇಳುತ್ತೇನೆ” ಎಂದು ಹೇಳುವುದು, ಕೇಳಿದಂತೆ ನಟಿಸುವುದಕ್ಕಿಂತ ಲೇಸು. ಆದರೆ ಸಂಜೆ ಬಂದಾಗ ಆ ಮಾತನ್ನು ನಡೆಸಿಕೊಡಬೇಕು.

ಭೌತಶಾಸ್ತ್ರವು ಶಬ್ದವನ್ನು ಕಿವಿಯ ಬಾಗಿಲಿನವರೆಗೆ ತಂದು ಬಿಡುತ್ತದೆ. ಅದರ ನಿಯಮಗಳು ಎಲ್ಲರಿಗೂ ಒಂದೇ. ಅದನ್ನು ಒಳಗೆ ಕರೆದು ಕೂರಿಸುವ ಕೆಲಸಕ್ಕೆ ಮಾತ್ರ ನಿಯಮವಿಲ್ಲ. ಅದು ಅವರವರ ಇಚ್ಛೆಗೂ ಅಭ್ಯಾಸಕ್ಕೂ ಸೇರಿದ್ದು. ಅಭ್ಯಾಸವನ್ನು ಇಂದೇ, ಮನೆಯಲ್ಲಿ ಮೊದಲು ಮಾತಾಡಿಸುವವರಿಂದಲೇ ಆರಂಭಿಸಬಹುದು.